ಟ್ಯಾಂಕರ್ ಮಗುಚಿದಾಗ ಮೊದಲು ತಲುಪಿದವರ ಕೆಲಸ: ರಾಸಾಯನಿಕ ಅಪಘಾತದ ತರಬೇತಿಯಲ್ಲಿ ಕಲಿಸುವುದೇನು?

ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ, ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿ. ಮಗುಚಿದ ಟ್ಯಾಂಕರು, ಸುತ್ತ ಹರಡಿದ ದ್ರವ, ಮೇಲೇಳುತ್ತಿರುವ ಹಬೆ ಇಷ್ಟೂ ಆ ಬೆರಳಿನ ಹಿಂದೆ ಮರೆಯಾದರೆ ನೀವು ನಿಂತ ಜಾಗ ಸುಮಾರಾಗಿ ಸರಿಯಿದೆ. ಮರೆಯಾಗದಿದ್ದರೆ ಹಿಂದಕ್ಕೆ ಸರಿಯಬೇಕು. ಹೆಬ್ಬೆರಳಿನ ಅಗಲ 2 ಸೆಂಟಿಮೀಟರ್, ಕಣ್ಣಿನಿಂದ ಅದರ ದೂರ 60 ಸೆಂಟಿಮೀಟರ್ ಎಂದು ಹಿಡಿದರೆ, 12 ಮೀಟರ್ ಉದ್ದದ ಟ್ಯಾಂಕರು ಮರೆಯಾಗಲು ಸುಮಾರು 360 ಮೀಟರ್ ದೂರ ಬೇಕಾಗುತ್ತದೆ. ಇದು ಒರಟು ಅಳತೆ. ಆದರೆ ಪುಸ್ತಕ ತೆಗೆಯುವ ಮೊದಲೇ, ಗಾಡಿಯಿಂದ ಇಳಿಯುವ ಮೊದಲೇ, ಯಾವ ಉಪಕರಣವೂ ಇಲ್ಲದೆ ಮಾಡಬಹುದಾದ ಅಳತೆ ಎಂಬುದಕ್ಕೇ ಅದನ್ನು ಮೊದಲ ದಿನವೇ ಕಲಿಸುತ್ತಾರೆ.

ಈ ತರಬೇತಿಯ ಬಹುಪಾಲು ಹೀಗೆ ಕಾಲನ್ನು ತಡೆದು ನಿಲ್ಲಿಸುವ ಪಾಠವೇ. ಅಗ್ನಿಶಾಮಕ ದಳದವರು, ಪೊಲೀಸರು, 108ರ ಸಿಬ್ಬಂದಿ ಓಡಿ ಹೋಗಿ ಕಾಪಾಡುವುದನ್ನೇ ಮೈಗೂಡಿಸಿಕೊಂಡವರು. ಮನೆಗೆ ಬೆಂಕಿ ಬಿದ್ದಾಗ ಆ ಗುಣ ಜೀವ ಉಳಿಸುತ್ತದೆ. ಕ್ಲೋರಿನ್ ಸೋರುತ್ತಿರುವಾಗ ಅದೇ ಗುಣ ಕಾಪಾಡಲು ಹೋದವರನ್ನೂ ಗಾಯಾಳುಗಳ ಪಟ್ಟಿಗೆ ಸೇರಿಸುತ್ತದೆ. ಮುಂಬಯಿಗೆ ಇದು ಹಳೆಯ ಪಾಠ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಹಡಗಿನಲ್ಲಿ ಹತ್ತಿಯ ಬೇಲುಗಳಿಗೆ ಬೆಂಕಿ ಹತ್ತಿತ್ತು. ಅದೇ ಹಡಗಿನ ಹೊಟ್ಟೆಯಲ್ಲಿ ಸುಮಾರು 1,400 ಟನ್ ಸ್ಫೋಟಕ ಇತ್ತು. ಬೆಂಕಿ ಆರಿಸಲು ಹತ್ತಿರ ನಿಂತವರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಸ್ಫೋಟದಲ್ಲಿ ಸತ್ತರು. ದೇಶದಾದ್ಯಂತ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುವುದು ಅವರ ನೆನಪಿಗೆ. ಒಳಗೆ ಏನಿದೆ, ಅದು ಯಾವುದರ ಪಕ್ಕದಲ್ಲಿದೆ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಗುವವರೆಗೆ ದೂರ ಎಷ್ಟಿರಬೇಕು ಎಂಬುದೇ ಇಂದಿಗೂ ಮೊದಲ ಪಾಠ.

ಮುಂಬಯಿಯ ಮಾಹುಲ್ ಮತ್ತು ಚೆಂಬೂರಿನ ಎರಡು ತೈಲ ಸಂಸ್ಕರಣಾಗಾರಗಳು, ಅಲ್ಲೇ ಪಕ್ಕದ ರಸಗೊಬ್ಬರ ಕಾರ್ಖಾನೆ, ಶಿವಡಿಯ ಬಂದರು ದಾಸ್ತಾನು, ಕೊಲ್ಲಿಯಾಚೆ ನ್ಹಾವಾ ಶೇವಾ, ತಳೋಜಾ, ಪಾತಾಳಗಂಗಾ, ಡೊಂಬಿವಲಿಯ ಕೈಗಾರಿಕಾ ಪ್ರದೇಶಗಳು, ಇವನ್ನೆಲ್ಲ ಪುಣೆಗೆ ಜೋಡಿಸುವ ಬೋರ್ ಘಾಟ್. ಈ ದಾರಿಗಳಲ್ಲಿ ಟ್ಯಾಂಕರ್ ಓಡಿಸುವವರಲ್ಲಿ ವಿಜಯಪುರ, ಕಲಬುರಗಿ ಕಡೆಯವರಿದ್ದಾರೆ. ಹಿತ್ತಲಲ್ಲಿ ಹತ್ತಾರು ಗ್ಯಾಸ್ ಸಿಲಿಂಡರ್ ಜೋಡಿಸಿಟ್ಟ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಮುಂದೆ ಕೂತವರು ಉಡುಪಿ, ಕುಂದಾಪುರದವರು. ಅಪಘಾತವಾದಾಗ ಮೊದಲು ಫೋನ್ ಮಾಡುವವರು, ಮೊದಲು ಮಾಹಿತಿ ಕೊಡುವವರು ಕನ್ನಡಿಗರೇ ಆಗಿರುವ ಸಾಧ್ಯತೆ ಈ ನಗರದಲ್ಲಿ ಚೆನ್ನಾಗಿದೆ. ಹಾಗಾಗಿ ಈ ತರಬೇತಿಯಲ್ಲಿ ಏನಿದೆ ಎಂಬುದು ಸಮವಸ್ತ್ರ ಇಲ್ಲದವರಿಗೂ ಗೊತ್ತಿರಬೇಕು.

ಯಾರಿಗೆ ಎಷ್ಟು ಕಲಿಸುತ್ತಾರೆ

ಎಲ್ಲರಿಗೂ ಎಲ್ಲವನ್ನೂ ಕಲಿಸುವುದಿಲ್ಲ. ಜಗತ್ತಿನ ಬಹಳ ಕಡೆ ಬಳಕೆಯಲ್ಲಿರುವ ಮೆಟ್ಟಿಲು ಮೂರು. ಅರಿವಿನ ಮಟ್ಟದಲ್ಲಿರುವವರು (ಟ್ರಾಫಿಕ್ ಪೊಲೀಸ್, ಟೋಲ್ ನಾಕಾದವರು, ಕಾರ್ಖಾನೆಯ ಕಾವಲುಗಾರರು) ಅಪಾಯವನ್ನು ಗುರುತಿಸಬೇಕು, ದೂರ ನಿಲ್ಲಬೇಕು, ಸರಿಯಾದ ಮಾಹಿತಿ ಕೊಟ್ಟು ಸಹಾಯ ಕರೆಯಬೇಕು, ಜನರನ್ನು ತಡೆಯಬೇಕು. ಅಲ್ಲಿಗೆ ಮುಗಿಯಿತು. ಎರಡನೆಯ ಮಟ್ಟದವರು ರಕ್ಷಣಾತ್ಮಕ ಕೆಲಸ ಮಾಡುತ್ತಾರೆ: ದೂರದಲ್ಲಿ ಮರಳಿನ ಒಡ್ಡು ಕಟ್ಟುವುದು, ಚರಂಡಿ ಮುಚ್ಚುವುದು, ನೀರಿನ ಪರದೆ ಹಿಡಿಯುವುದು, ಜನರ ಮೈ ತೊಳೆಯುವುದು. ಸೋರುವ ಕವಾಟವನ್ನು ಕೈಯಿಂದ ಮುಟ್ಟುವವರು ಮೂರನೆಯ ಮಟ್ಟದ ತಂತ್ರಜ್ಞರು ಮಾತ್ರ. ಅಮೆರಿಕದ ಕಾರ್ಮಿಕ ಸುರಕ್ಷಾ ನಿಯಮ ಎರಡನೆಯ ಮಟ್ಟಕ್ಕೆ ಕನಿಷ್ಠ 8 ಗಂಟೆ, ಮೂರನೆಯದಕ್ಕೆ ಕನಿಷ್ಠ 24 ಗಂಟೆ ತರಬೇತಿ ಕೇಳುತ್ತದೆ. ಈ ಗಂಟೆಗಳು ನೆಲಗಟ್ಟು ಅಷ್ಟೇ. ರಾಸಾಯನಿಕ ತಡೆಯುವ ಸೂಟು ಹಾಕಿ ಕವಾಟ ತಿರುಗಿಸುವ ಕೈಗೆ 24 ಗಂಟೆ ಸಾಲದು. ನಮ್ಮಲ್ಲಿ ಈ ಮೂರನೆಯ ಮಟ್ಟದ ಕೆಲಸಕ್ಕೆ ನಗರದ ಅಗ್ನಿಶಾಮಕ ದಳದ ವಿಶೇಷ ತಂಡಗಳು, ಕಾರ್ಖಾನೆಗಳು ಒಂದಕ್ಕೊಂದು ನೆರವಾಗಲು ಕಟ್ಟಿಕೊಂಡ ಮಾರ್ಗ್ ಗುಂಪುಗಳು, ಪುಣೆಯ ಬಳಿ ಸುದುಂಬರೆಯಲ್ಲಿರುವ ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ) 5ನೇ ಬೆಟಾಲಿಯನ್ ಬರುತ್ತವೆ. ಅವರು ಬರುವವರೆಗಿನ ಹೊತ್ತು ಮೊದಲೆರಡು ಮಟ್ಟದವರ ಕೈಯಲ್ಲಿದೆ. ಹೆಚ್ಚಿನ ಹಾನಿ ಆಗುವುದೂ, ತಪ್ಪುವುದೂ ಆ ಹೊತ್ತಿನಲ್ಲೇ.

ಫಲಕವನ್ನು ಓದುವುದು

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಪಾಯಕಾರಿ ಸರಕು ಸಾಗಿಸುವ ಗಾಡಿಯ ಎರಡೂ ಬದಿ ಮತ್ತು ಹಿಂಬದಿಯಲ್ಲಿ ತುರ್ತು ಮಾಹಿತಿ ಫಲಕ ಇರಬೇಕು. ಅದರಲ್ಲಿ ವಸ್ತುವಿನ ಹೆಸರು, ವಿಶ್ವಸಂಸ್ಥೆಯ ನಾಲ್ಕಂಕಿಯ ಸಂಖ್ಯೆ, ವಜ್ರಾಕಾರದ ವರ್ಗಚಿಹ್ನೆ, ತುರ್ತಿಗೆ ಕರೆಯಬೇಕಾದ ಫೋನ್ ನಂಬರು, ಜೊತೆಗೆ ಸಾಮಾನ್ಯವಾಗಿ ಹ್ಯಾಝ್‌ಕೆಮ್ ಸಂಕೇತ ಇರುತ್ತವೆ. ನೂರು ಮೀಟರ್ ಆಚೆಯಿಂದ ಇದು ಬರಿಗಣ್ಣಿಗೆ ಓದಲು ಸಿಗದು. ಅದಕ್ಕೇ ಮೊದಲ ಗಾಡಿಯಲ್ಲಿ ದುರ್ಬೀನು ಇರಲೇಬೇಕು. ಲಕ್ಷಾಂತರ ರೂಪಾಯಿಯ ಸೂಟು ಕೊಂಡು ದುರ್ಬೀನು ಮರೆಯುವ ಠಾಣೆಗಳು ಕೊನೆಗೆ ಫಲಕ ಓದಲೆಂದೇ ಒಬ್ಬನನ್ನು ಹತ್ತಿರ ಕಳಿಸುತ್ತವೆ.

ನಾಲ್ಕಂಕಿಗಳಲ್ಲಿ ಕೆಲವನ್ನು ಬಾಯಿಪಾಠ ಮಾಡಿಸುತ್ತಾರೆ: 1203 ಪೆಟ್ರೋಲ್, 1202 ಡೀಸೆಲ್, 1075 ಎಲ್‌ಪಿಜಿ, 1017 ಕ್ಲೋರಿನ್, 1005 ಅಮೋನಿಯಾ, 1230 ಮೆಥನಾಲ್, 1830 ಗಂಧಕಾಮ್ಲ, 1789 ಹೈಡ್ರೋಕ್ಲೋರಿಕ್ ಆಮ್ಲ, 2031 ನೈಟ್ರಿಕ್ ಆಮ್ಲ. ಉಳಿದವಕ್ಕೆ ಪುಸ್ತಕ ಇದೆ.

ಹ್ಯಾಝ್‌ಕೆಮ್ ಸಂಕೇತವನ್ನು ಬಿಡಿಸಿ ನೋಡೋಣ. ಪೆಟ್ರೋಲ್ ಟ್ಯಾಂಕರಿನ ಮೇಲೆ 3ವೈಇ ಎಂದಿರುತ್ತದೆ. ಮೊದಲ ಅಂಕಿ ಯಾವುದರಿಂದ ಆರಿಸಬೇಕು ಎಂದು ಹೇಳುತ್ತದೆ: 1 ಅಂದರೆ ದಪ್ಪ ಹನಿಯ ನೀರು, 2 ಅಂದರೆ ಮಂಜಿನಂಥ ನೀರು, 3 ಅಂದರೆ ಫೋಮ್, 4 ಅಂದರೆ ಒಣ ಪುಡಿಯಂಥ ವಸ್ತು, ನೀರು ಸೋಕಿಸಲೇಬಾರದು. ನಡುವಿನ ಅಕ್ಷರ ಮೂರು ಸಂಗತಿ ಹೇಳುತ್ತದೆ. ಪಿ, ಆರ್, ಎಸ್, ಟಿ ಇದ್ದರೆ ಧಾರಾಳ ನೀರು ಬೆರೆಸಿ ತೆಳುವಾಗಿಸಬಹುದು. ಡಬ್ಲ್ಯು, ಎಕ್ಸ್, ವೈ, ಝಡ್ ಇದ್ದರೆ ಚರಂಡಿಗೆ ಹೋಗದಂತೆ ಕಟ್ಟಿಹಾಕಬೇಕು. ಪಿ, ಎಸ್, ಡಬ್ಲ್ಯು, ವೈ ಆದರೆ ವಸ್ತು ಉಗ್ರವಾಗಿ ಸಿಡಿಯಬಹುದು. ಪಿ, ಆರ್, ಡಬ್ಲ್ಯು, ಎಕ್ಸ್‌ಗೆ ಪೂರ್ಣ ರಾಸಾಯನಿಕ ಸೂಟು ಬೇಕು, ಉಳಿದವಕ್ಕೆ ಉಸಿರಾಟದ ಸಾಧನ (ಬಿಎ ಸೆಟ್) ಮತ್ತು ಬೆಂಕಿಯ ಉಡುಪು. ಕೊನೆಯ ಇ ಇದ್ದರೆ ಸುತ್ತಲಿನ ಜನರನ್ನು ತೆರವು ಮಾಡುವ ಬಗ್ಗೆ ತಕ್ಷಣ ಯೋಚಿಸಬೇಕು. ಹಾಗಾದರೆ 3ವೈಇ ಹೇಳುವುದು: ಫೋಮ್ ಬಳಸು, ಸಿಡಿಯಬಹುದು, ಬಿಎ ಸೆಟ್ ಹಾಕು, ಚರಂಡಿಗೆ ಬಿಡಬೇಡ, ಜನರನ್ನು ಕಳಿಸು. ಮೂರು ಗುರುತಿನಲ್ಲಿ ಐದು ಆದೇಶ.

ಆದರೆ ಫಲಕವನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಹೋದ ಬಾರಿಯ ಸರಕಿನ ಫಲಕ ಈ ಬಾರಿಯೂ ಉಳಿದಿರಬಹುದು. ಒಂದೇ ಟ್ಯಾಂಕರಿನ ನಾಲ್ಕು ಕಂಪಾರ್ಟ್‌ಮೆಂಟಿನಲ್ಲಿ ಎರಡು ಬಗೆಯ ಎಣ್ಣೆ ಇರಬಹುದು. ಕೆಸರು, ಮಸಿ, ಸುಟ್ಟ ಬಣ್ಣ ಅಂಕಿಯನ್ನು ಮುಚ್ಚಿರಬಹುದು. ಆದ್ದರಿಂದ ಟ್ಯಾಂಕಿನ ಆಕಾರವನ್ನೂ ನೋಡಬೇಕು. ಅಂಡಾಕಾರದ ಅಡ್ಡಸೀಳು, ಚಪ್ಪಟೆ ತುದಿ, ಮೇಲೆ ಸಾಲಾಗಿ ಮ್ಯಾನ್‌ಹೋಲ್ ಮುಚ್ಚಳ ಇದ್ದರೆ ಪೆಟ್ರೋಲ್, ಡೀಸೆಲ್ ಜಾತಿಯ ದ್ರವ. ದುಂಡಗಿನ ದಪ್ಪ ಉಕ್ಕಿನ ಮೈ, ಗುಮ್ಮಟದಂಥ ತುದಿಗಳಿದ್ದರೆ ಅದು ಬುಲೆಟ್ ಟ್ಯಾಂಕರ್, ಒಳಗೆ ಒತ್ತಡದ ಅನಿಲ. ಸಣ್ಣ ವ್ಯಾಸದ ಟ್ಯಾಂಕಿಗೆ ಹೊರಗಿನಿಂದ ಬಳೆಗಳಂತೆ ಪಟ್ಟಿ ಇದ್ದರೆ ಆಮ್ಲದಂಥ ಭಾರದ ದ್ರವ ಇರಬಹುದು.

ಮೂರನೆಯ ಮೂಲ ಚಾಲಕ. ಅವನಲ್ಲಿ ಟ್ರೆಮ್ ಕಾರ್ಡ್ (ಸರಕಿನ ಅಪಾಯ, ತುರ್ತು ಕ್ರಮ ಬರೆದ ಹಾಳೆ) ಇರಬೇಕು, ಬಿಲ್ಟಿ (ಸರಕಿನ ರಸೀದಿ) ಇರಬೇಕು. ಗಾಬರಿಗೊಂಡ ಚಾಲಕನಿಂದ ಮಾಹಿತಿ ತೆಗೆಯುವುದೂ ಒಂದು ಕಲೆ. ಅವನ ಊರಿನ ಮಾತಿನಲ್ಲಿ ಕೇಳಿದರೆ ಅರ್ಧ ಕೆಲಸ ಆದಂತೆ.

"ಅಣ್ಣಾ, ಒಳಗ ಏನ್ ಮಾಲ್ ಐತಿ?"

"ಕೆಮಿಕಲ್ ಐತ್ರಿ ಸಾಹೇಬ್ರ."

ಈ ಉತ್ತರದಿಂದ ಏನೂ ತಿಳಿಯುವುದಿಲ್ಲ. ಅಲ್ಲಿಗೆ ಬಿಡದೆ ಮುಂದಿನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಬೇಕು: "ಎಲ್ಲಿ ತುಂಬಿಸ್ದಿ? ಯಾವ ಕಂಪನಿಗೆ ಹೊಂಟಿತ್ತು? ಎಷ್ಟ್ ಟನ್? ಬಿಲ್ಟಿ ಕ್ಯಾಬಿನ್‌ನ್ಯಾಗ ಐತೋ, ಕಿಸೇದಾಗ ಐತೋ? ಕ್ಲೀನರ್ ಎಲ್ಲಿ?" ತುಂಬಿಸಿದ ಜಾಗ ಗೊತ್ತಾದರೆ ಆ ಕಾರ್ಖಾನೆಗೆ ಫೋನ್ ಮಾಡಿ ಹತ್ತು ನಿಮಿಷದಲ್ಲಿ ವಸ್ತುವಿನ ಸುರಕ್ಷಾ ಹಾಳೆ ತರಿಸಬಹುದು. ಕ್ಲೀನರ್ ಎಲ್ಲಿ ಎಂಬ ಪ್ರಶ್ನೆಯನ್ನು ಬಿಡಲೇಬಾರದು. ಕ್ಯಾಬಿನ್ನಿನಲ್ಲಿ ಇನ್ನೊಬ್ಬ ಸಿಕ್ಕಿಬಿದ್ದಿದ್ದಾನೋ ಇಲ್ಲವೋ ಎಂಬುದರ ಮೇಲೆ ಮುಂದಿನ ನಿರ್ಧಾರವೆಲ್ಲ ನಿಂತಿದೆ. ಬಿಲ್ಟಿ ಕ್ಯಾಬಿನ್ನಿನಲ್ಲಿದ್ದರೆ ಅದನ್ನು ತರಲು ಚಾಲಕನನ್ನು ವಾಪಸ್ ಕಳಿಸಬಾರದು.

ದೂರ ಮತ್ತು ಗಾಳಿ

ಸಂಖ್ಯೆ ಸಿಕ್ಕಿದ ಮೇಲೆ ತುರ್ತು ಮಾರ್ಗದರ್ಶಿ ಪುಸ್ತಕ. ಉತ್ತರ ಅಮೆರಿಕದಲ್ಲಿ ಸಿದ್ಧವಾಗುವ ಇಆರ್‌ಜಿಯನ್ನು ನಮ್ಮಲ್ಲೂ ಬಳಸುತ್ತಾರೆ. ಮೊಬೈಲ್ ಆವೃತ್ತಿಯೂ ಉಚಿತ. ಹಳದಿ ಪುಟದಲ್ಲಿ ಸಂಖ್ಯೆಯಿಂದ, ನೀಲಿ ಪುಟದಲ್ಲಿ ಹೆಸರಿನಿಂದ ಹುಡುಕಿದರೆ ಒಂದು ಮಾರ್ಗದರ್ಶಿ ಸಂಖ್ಯೆ ಸಿಗುತ್ತದೆ. ಅದರ ಪೂರ್ತಿ ವಿವರ ಕಿತ್ತಳೆ ಪುಟದಲ್ಲಿ. ಉಸಿರಿಗೆ ವಿಷವಾಗುವ ವಸ್ತುಗಳಿಗೆ ಹಸಿರು ಪುಟದಲ್ಲಿ ಪ್ರತ್ಯೇಕ ದೂರದ ಪಟ್ಟಿ. ಪೆಟ್ರೋಲಿಗೆ ಮಾರ್ಗದರ್ಶಿ 128: ಸುತ್ತ ಕನಿಷ್ಠ 50 ಮೀಟರ್ ಬಿಡಿಸಬೇಕು, ಟ್ಯಾಂಕರೇ ಬೆಂಕಿಯಲ್ಲಿದ್ದರೆ 800 ಮೀಟರ್. ಎಲ್‌ಪಿಜಿಗೆ 115: ಸೋರಿಕೆಗೆ 100 ಮೀಟರ್, ಟ್ಯಾಂಕರಿಗೆ ಬೆಂಕಿ ತಾಗಿದ್ದರೆ 1,600 ಮೀಟರ್. ಏನೆಂದೇ ಗೊತ್ತಾಗದಿದ್ದರೆ 111, ಕನಿಷ್ಠ 100 ಮೀಟರ್.

ಹಸಿರು ಪುಟದಲ್ಲಿ ಹಗಲಿಗೂ ರಾತ್ರಿಗೂ ಬೇರೆ ಬೇರೆ ದೂರ ಇರುತ್ತದೆ, ರಾತ್ರಿಯದೇ ಹೆಚ್ಚು. ಹಗಲಲ್ಲಿ ಬಿಸಿಯಾದ ನೆಲ ಗಾಳಿಯನ್ನು ಮೇಲೆತ್ತಿ ಕಲಕುತ್ತದೆ, ಅನಿಲ ಬೇಗ ತೆಳುವಾಗುತ್ತದೆ. ರಾತ್ರಿ ನೆಲದ ಹತ್ತಿರ ತಂಪು ಗಾಳಿ ಹಾಸಿ ಮಲಗಿದಂತೆ ಇರುತ್ತದೆ, ಅನಿಲ ಅದರಡಿ ಉದ್ದಕ್ಕೆ ಹರಿಯುತ್ತದೆ. ಮುಂಬಯಿಯ ಕರಾವಳಿಯಲ್ಲಿ ಇನ್ನೊಂದು ತೊಡಕು: ಮಳೆಗಾಲ ಬಿಟ್ಟರೆ ಮಧ್ಯಾಹ್ನ ಕಡಲ ಗಾಳಿ ನೆಲದ ಕಡೆ ಬೀಸುತ್ತದೆ, ರಾತ್ರಿ ಕಳೆದಂತೆ ಅದು ಸತ್ತು ತಿರುಗುತ್ತದೆ. ಸಂಜೆ 5ಕ್ಕೆ ಸರಿಯಾಗಿದ್ದ ಕಮಾಂಡ್ ಪೋಸ್ಟ್ ರಾತ್ರಿ 10ಕ್ಕೆ ವಿಷದ ದಾರಿಯಲ್ಲಿರಬಹುದು. ಹಾಗಾಗಿ ಗಾಡಿಯ ಆಂಟೆನಾಕ್ಕೆ ಒಂದು ಮೀಟರ್ ರಿಬ್ಬನ್ ಕಟ್ಟಿ, ಅದನ್ನು ನೋಡುವುದನ್ನು ಒಬ್ಬನ ಹೊಣೆಯಾಗಿಸಿ, ಪ್ರತಿ 15 ನಿಮಿಷಕ್ಕೆ ವೈರ್‌ಲೆಸ್‌ನಲ್ಲಿ ಹೇಳಿಸುವ ಅಭ್ಯಾಸ ಮಾಡಿಸುತ್ತಾರೆ. ಚಾಳುಗಳ ಓಣಿಯಲ್ಲಿ, ಎತ್ತರದ ಕಟ್ಟಡಗಳ ನಡುವೆ ಗಾಳಿ ಸುತ್ತು ಹಾಕುವುದರಿಂದ ಅಲ್ಲಿ ಎರಡು ಕಡೆ ರಿಬ್ಬನ್ ಬೇಕು. ಗಾಡಿಯನ್ನು ಗಾಳಿ ಬರುವ ಕಡೆ, ಸ್ವಲ್ಪ ಎತ್ತರದಲ್ಲಿ, ಮೂತಿ ಹೊರಗೆ ಮಾಡಿ ನಿಲ್ಲಿಸಬೇಕು. ಓಡಬೇಕಾಗಿ ಬಂದಾಗ ರಿವರ್ಸ್ ತೆಗೆಯುತ್ತ ಕೂರುವಂತಾಗಬಾರದು.

ಜನರನ್ನು ಯಾವಾಗಲೂ ರಸ್ತೆಗಿಳಿಸುವುದು ಸರಿಯಲ್ಲ. ಮೋಡ ಬೇಗ ಹಾದುಹೋಗುವಂತಿದ್ದರೆ ಬಾಗಿಲು ಕಿಟಕಿ ಹಾಕಿ, ಎಸಿ ಮತ್ತು ಎಕ್ಸಾಸ್ಟ್ ನಿಲ್ಲಿಸಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ ಒಳಗಿರುವುದು ಹೆಚ್ಚು ಸುರಕ್ಷಿತ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ತಗ್ಗಿಗೇ ಇಳಿಯುತ್ತದೆ. ನೆಲಮಹಡಿಯವರು ಮೇಲಿನ ಮಹಡಿಗೆ ಹೋಗಬೇಕು, ಬೇಸ್‌ಮೆಂಟಿಗೆ ಎಂದೂ ಹೋಗಬಾರದು. ಆದರೆ ಉರಿಯುವ ಅನಿಲಕ್ಕೆ ಈ ಸಲಹೆ ಸಲ್ಲದು, ಅಲ್ಲಿ ದೂರ ಹೋಗುವುದೇ ಸರಿ.

ಕ್ಲೋರಿನ್ ಟನ್ನರ್

2010ರ ಜುಲೈ 14ರಂದು ಶಿವಡಿಯ ಹಾಜಿ ಬಂದರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಸಿಲಿಂಡರಿನಿಂದ ಕ್ಲೋರಿನ್ ಸೋರಿ ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ನೀರು ಶುದ್ಧೀಕರಣ ಕೇಂದ್ರಗಳಲ್ಲಿ, ಕಾರ್ಖಾನೆಗಳಲ್ಲಿ ಬಳಸುವ 900 ಕಿಲೋ ಕ್ಲೋರಿನ್ ಹಿಡಿಯುವ ಟನ್ನರ್ ಇಡೀ ತರಬೇತಿಯಲ್ಲಿ ಹೆಚ್ಚು ಹೊತ್ತು ತೆಗೆದುಕೊಳ್ಳುವ ವಸ್ತು. ಅದಕ್ಕೆ ಕಾರಣವಿದೆ: ಇಲ್ಲಿ ಸಹಜವಾಗಿ ತೋಚುವ ಕೆಲಸವೇ ತಪ್ಪು.

ಮೊದಲು ತೋಚುವುದು ಸೋರುವ ಜಾಗಕ್ಕೆ ನೀರು ಹೊಡೆಯುವುದು. ನೀರು ಸೇರಿದ ಕ್ಲೋರಿನ್ ಆಮ್ಲವಾಗಿ ಉಕ್ಕನ್ನು ತಿನ್ನುತ್ತದೆ; ಗುಂಡುಸೂಜಿಯ ತೂತು ಪೆನ್ಸಿಲ್ ತೂತಾಗುತ್ತದೆ. ಅಷ್ಟೇ ಅಲ್ಲ, ಸೋರುವಾಗ ಟನ್ನರ್ ತಾನೇ ತಣ್ಣಗಾಗಿ ಒತ್ತಡ ಇಳಿಯುತ್ತಿರುತ್ತದೆ. ನಾವು ಹೊಡೆವ 28 ಡಿಗ್ರಿಯ ನೀರು ಅದನ್ನು ಮತ್ತೆ ಬಿಸಿ ಮಾಡಿ ಸೋರಿಕೆ ಹೆಚ್ಚಿಸುತ್ತದೆ. ನೀರಿನ ಪರದೆಯನ್ನು ಮೋಡ ಸಾಗುವ ಕಡೆ, ದೂರದಲ್ಲಿ ಹಿಡಿಯಬಹುದು, ಟನ್ನರಿಗೆ ಮುಟ್ಟಿಸಬಾರದು. ಬೆಂಕಿ ಹತ್ತಿರ ಇದ್ದು, ಟನ್ನರ್ ಸೋರದೆ ಬಿಸಿಯಾಗುತ್ತಿದ್ದರೆ ಮಾತ್ರ ತಂಪು ಮಾಡಬೇಕು, ಏಕೆಂದರೆ ಅದರ ಎರಡೂ ತುದಿಯಲ್ಲಿರುವ ಕರಗುವ ಪ್ಲಗ್‌ಗಳು ಸುಮಾರು 70ರಿಂದ 74 ಡಿಗ್ರಿಗೆ ಕರಗಿ ಬಾಯಿ ತೆರೆಯುತ್ತವೆ.

ಸೂಟು ಹಾಕಿದ ತಂತ್ರಜ್ಞರು ಒಳಗೆ ಹೋದ ಮೇಲೆ ಮಾಡುವ ಕ್ರಮ ಹೀಗೆ. ಕೋಲಿನ ತುದಿಗೆ ಅಮೋನಿಯಾ ದ್ರಾವಣದಲ್ಲಿ ಅದ್ದಿದ ಬಟ್ಟೆ ಕಟ್ಟಿ ಟನ್ನರಿನ ತುದಿಯುದ್ದಕ್ಕೂ ಆಡಿಸಿದರೆ ಸೋರುವ ಜಾಗದಲ್ಲಿ ದಟ್ಟ ಬಿಳಿ ಹೊಗೆ ಏಳುತ್ತದೆ. ದ್ರವ ಅಮೋನಿಯಾವನ್ನು ನೇರ ಸುರಿಯಬಾರದು, ಆವಿ ತಾಗಿದರೆ ಸಾಕು. ಮುಂದೆ ತೂತಿನ ಸ್ಥಾನ ನೋಡಬೇಕು. ಮಲಗಿಸಿಟ್ಟ ಟನ್ನರಿನಲ್ಲಿ ಕೆಳಗೆ ದ್ರವ, ಮೇಲೆ ಅನಿಲ. ದ್ರವ ಎಲ್ಲಿಯವರೆಗಿದೆ ಎಂದು ಮೈಮೇಲೆ ಕಟ್ಟಿದ ಹಿಮದ ಗೆರೆಯಿಂದ ಗೊತ್ತಾಗುತ್ತದೆ. ಒಂದು ಅಳತೆ ದ್ರವ ಕ್ಲೋರಿನ್ ಸುಮಾರು 460 ಅಳತೆ ಅನಿಲವಾಗುವುದರಿಂದ ಅದೇ ತೂತಿನಲ್ಲಿ ದ್ರವ ಸೋರಿದರೆ ಹಾನಿ ಹಲವು ಪಟ್ಟು. ಆದ್ದರಿಂದ ತೂತು ಮೇಲೆ ಬರುವಂತೆ ಟನ್ನರನ್ನು ಉರುಳಿಸುವುದೇ ಅರ್ಧ ಪರಿಹಾರ. ತುಂಬಿದ ಟನ್ನರಿನ ತೂಕ ಒಂದೂವರೆ ಟನ್ ದಾಟುತ್ತದೆ. ಬಾರು, ಸನ್ನೆಕೋಲು, ಉರುಳದಂತೆ ತಡೆಯುವ ಮರದ ಬೆಣೆ ಮೊದಲೇ ಕೈಯಲ್ಲಿರಬೇಕು.

ಬಹಳಷ್ಟು ಸೋರಿಕೆ ಕವಾಟದ ಪ್ಯಾಕಿಂಗ್‌ನಲ್ಲೇ ಇರುತ್ತದೆ. ಕವಾಟ ಮುಚ್ಚಿ, ಪ್ಯಾಕಿಂಗ್ ನಟ್ಟನ್ನು ಸ್ಪ್ಯಾನರಿನಿಂದ ನಿಧಾನಕ್ಕೆ ಬಿಗಿದರೆ ನಿಲ್ಲುತ್ತದೆ. ನಿಲ್ಲದಿದ್ದರೆ ಟನ್ನರಿಗೆಂದೇ ಇರುವ ಬಿ ಕಿಟ್ ಬೇಕು: ಗ್ಯಾಸ್ಕೆಟ್ ಇಟ್ಟು, ಕವಾಟದ ಮೇಲೆ ಉಕ್ಕಿನ ಟೋಪಿ ಕೂರಿಸಿ, ಬಿಗಿಯುವುದು. ಇಲ್ಲಿ ಹೊಸಬರೆಲ್ಲ ಮಾಡುವ ತಪ್ಪೊಂದಿದೆ. ಟೋಪಿಯ ಮೇಲಿನ ಸಣ್ಣ ಗಾಳಿಕವಾಟವನ್ನು ಮುಚ್ಚಿಟ್ಟೇ ಕೂರಿಸಲು ಹೋಗುತ್ತಾರೆ. ಒಳಗಿನ ಒತ್ತಡ ಟೋಪಿಯನ್ನು ಎತ್ತಿ ಎಸೆಯುತ್ತದೆ, ಗ್ಯಾಸ್ಕೆಟ್ ಜರುಗುತ್ತದೆ. ಅದನ್ನು ತೆರೆದಿಟ್ಟು ಕೂರಿಸಿ, ಪೂರ್ತಿ ಬಿಗಿದ ಮೇಲೆ ಮುಚ್ಚಬೇಕು. ಎರಡು ಪದರ ಕೈಗವಸಿನಲ್ಲಿ ನಟ್ಟು ಬೆರಳಿಗೆ ತಿಳಿಯುವುದೇ ಇಲ್ಲ. ಖಾಲಿ ಟನ್ನರಿನ ಮೇಲೆ, ಪೂರ್ಣ ಸೂಟಿನಲ್ಲಿ, ಗಡಿಯಾರ ಇಟ್ಟು ಹತ್ತಾರು ಸಲ ಮಾಡಿದವರಿಗಷ್ಟೇ ಇದು ಒಗ್ಗುತ್ತದೆ. ಏನೂ ಕೈಗೂಡದಿದ್ದರೆ ಕಾಸ್ಟಿಕ್ ಸೋಡಾ ದ್ರಾವಣಕ್ಕೆ ಅನಿಲ ಬಿಡಬೇಕು. ಒಂದು ಕಿಲೋ ಕ್ಲೋರಿನ್‌ಗೆ ಲೆಕ್ಕದಲ್ಲಿ 1.13 ಕಿಲೋ ಕಾಸ್ಟಿಕ್ ಬೇಕು, ತುಂಬಿದ ಟನ್ನರಿಗೆ ಒಂದು ಟನ್ನಿಗಿಂತ ಹೆಚ್ಚಾಯಿತು. ಕಾಸ್ಟಿಕ್ ಎಲ್ಲಿದೆ ಎಂದು ಸೋರಿಕೆಯ ದಿನ ಹುಡುಕುವುದಾದರೆ ಆ ಯೋಜನೆ ಕಾಗದದಲ್ಲೇ ಉಳಿಯುತ್ತದೆ.

ಅಮೋನಿಯಾ, ಗ್ಯಾಸ್, ಮೆಥನಾಲ್

ಐಸ್ ಕಾರ್ಖಾನೆ, ಮೀನಿನ ಶೀತಲಗೃಹಗಳಲ್ಲಿ ಅಮೋನಿಯಾ ಇರುತ್ತದೆ. ಗಾಳಿಗಿಂತ ಹಗುರ ಎಂದು ಪುಸ್ತಕದಲ್ಲಿ ಓದಿದವರು ಮೋಡ ಮೇಲೇಳುತ್ತದೆ ಎಂದು ನಂಬಿ ಮೋಸಹೋಗುತ್ತಾರೆ. ದ್ರವವಾಗಿ ಸೋರಿದಾಗ ಅದು ಮೈನಸ್ 33 ಡಿಗ್ರಿಯ ತಣ್ಣನೆ ಮಂಜಾಗಿ ನೆಲಕ್ಕಂಟಿ ಹರಿಯುತ್ತದೆ. ನೀರು ಇದನ್ನು ಚೆನ್ನಾಗಿ ಹೀರುವುದರಿಂದ ಮೋಡಕ್ಕೆ ಮಂಜಿನ ನೀರು ಹಿಡಿಯುವುದು ಸರಿ, ದ್ರವದ ಮಡುವಿಗೆ ಹೊಡೆಯುವುದು ತಪ್ಪು. ಬಿಸಿ ಬಾಣಲೆಗೆ ನೀರು ಬಿದ್ದಂತೆ ಒಮ್ಮೆಗೇ ಆವಿ ಏಳುತ್ತದೆ. ದ್ರವ ತಾಗಿದ ಸೂಟು ಗಡುಸಾಗಿ ಬಿರುಕು ಬಿಡಬಹುದು.

ಎಲ್‌ಪಿಜಿ ಗಾಳಿಯಲ್ಲಿ ಸುಮಾರು ಶೇ. 2ರಷ್ಟಾದರೂ ಸಾಕು, ಹೊತ್ತಿಕೊಳ್ಳುತ್ತದೆ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿಯ ಬಳಿ ಪೆರ್ನೆಯಲ್ಲಿ ಮಗುಚಿದ ಟ್ಯಾಂಕರಿನ ಅನಿಲ ಹತ್ತಿಕೊಂಡು ರಸ್ತೆಬದಿಯ ಮನೆಗಳು ಸುಟ್ಟದ್ದು ಕರಾವಳಿಯವರಿಗೆ ಮರೆಯದು. ಕವಾಟದಲ್ಲಿ ಉರಿಯುತ್ತಿರುವ ಜ್ವಾಲೆಯನ್ನು ಅನಿಲ ನಿಲ್ಲಿಸಲು ದಾರಿಯಿಲ್ಲದೆ ಆರಿಸಬಾರದು. ಆರಿಸಿದರೆ ಅದೇ ಅನಿಲ ಕಾಣದ ಮೋಡವಾಗಿ ಹರಡಿ ಬೇರೆಲ್ಲೋ ಕಿಡಿ ಹುಡುಕುತ್ತದೆ. ಉರಿಯಲು ಬಿಟ್ಟು ಟ್ಯಾಂಕಿನ ಮೈ ತಂಪಾಗಿಡಬೇಕು, ಅದರಲ್ಲೂ ದ್ರವವಿಲ್ಲದ ಮೇಲ್ಭಾಗವನ್ನು. ಜ್ವಾಲೆ ತಾಗುವ ಒಂದೊಂದು ಜಾಗಕ್ಕೂ ನಿಮಿಷಕ್ಕೆ ಸುಮಾರು 1,900 ಲೀಟರ್ ನೀರು ಬೇಕೆಂಬುದು ರೂಢಿಯ ಲೆಕ್ಕ. ಅಷ್ಟು ನೀರು ನಿರಂತರ ಸಿಗದಿದ್ದರೆ, ಅಥವಾ ಸೇಫ್ಟಿ ವಾಲ್ವಿನ ಶಿಳ್ಳೆ ಏರುತ್ತಿದ್ದರೆ, ಬ್ರಾಂಚ್ (ನೀರು ಹೊಡೆಯುವ ಪೈಪಿನ ಮೂತಿ) ಬಿಟ್ಟು ಎಲ್ಲರೂ ಹಿಂದೆ ಸರಿಯಬೇಕು.

2023ರ ಜೂನ್ 13ರಂದು ಖಂಡಾಲಾ ಘಾಟಿನ ಕುಣೆ ಸೇತುವೆಯ ಮೇಲೆ ಮೆಥನಾಲ್ ಟ್ಯಾಂಕರ್ ಮಗುಚಿ ಹೊತ್ತಿ ಉರಿಯಿತು. ಉರಿಯುವ ದ್ರವ ಸೇತುವೆಯಿಂದ ಕೆಳಗಿನ ರಸ್ತೆಗೆ ಸುರಿದು, ಅಲ್ಲಿ ಹಾದುಹೋಗುತ್ತಿದ್ದವರೂ ಸುಟ್ಟರು, ನಾಲ್ವರು ಸತ್ತರು. ಘಾಟಿನಲ್ಲಿ ಅಪಾಯದ ಜಾಗದ ಸುತ್ತ ಗಡಿ ಹಾಕುವಾಗ ರಸ್ತೆಯ ಹಿಂದುಮುಂದಷ್ಟೇ ನೋಡಿದರೆ ಸಾಲದು, ಕೆಳಗಿನ ತಿರುವನ್ನೂ ಮುಚ್ಚಬೇಕು. ಮೆಥನಾಲಿನ ಜ್ವಾಲೆ ಹಗಲಿನಲ್ಲಿ ಬಹುತೇಕ ಕಾಣುವುದೇ ಇಲ್ಲ. ಆರಿತು ಎಂದುಕೊಂಡು ನಡೆದವರು ಬೆಂಕಿಯೊಳಗೇ ಕಾಲಿಟ್ಟಿರುತ್ತಾರೆ. ಥರ್ಮಲ್ ಕ್ಯಾಮೆರಾ ಇದ್ದರೆ ಅದನ್ನೇ ನಂಬಬೇಕು. ಸಾಮಾನ್ಯ ಫೋಮನ್ನು ಮೆಥನಾಲ್ ಒಡೆದು ಕುಡಿದುಬಿಡುತ್ತದೆ, ಆಲ್ಕೊಹಾಲ್ ತಡೆಯುವ ಫೋಮ್ ಕಾಂಪೌಂಡೇ ಬೇಕು.

ಫೋಮ್ ಶುರು ಮಾಡುವ ಮೊದಲು ಲೆಕ್ಕ ಹಾಕಲೇಬೇಕು. 100 ಚದರ ಮೀಟರ್ ಪೆಟ್ರೋಲ್ ಬೆಂಕಿಗೆ ಚದರ ಮೀಟರಿಗೆ ನಿಮಿಷಕ್ಕೆ 6.5 ಲೀಟರಿನಂತೆ 15 ನಿಮಿಷ ಎಂದರೆ 9,750 ಲೀಟರ್ ದ್ರಾವಣ. ಶೇ. 3ರ ಕಾಂಪೌಂಡ್ ಆದರೆ ಸುಮಾರು 293 ಲೀಟರ್, ಅಂದರೆ 20 ಲೀಟರಿನ 15 ಕ್ಯಾನ್. ಐದು ಕ್ಯಾನ್ ಇದೆಯೆಂದು ಶುರು ಮಾಡಿದರೆ ಅರ್ಧ ಹಾಸಿದ ಹೊದಿಕೆಯನ್ನು ಬೆಂಕಿ ತಿಂದುಹಾಕುತ್ತದೆ, ಐದು ಕ್ಯಾನೂ ವ್ಯರ್ಥ. ಹದಿನೈದೂ ಬರುವವರೆಗೆ ಪಕ್ಕದ ಗಾಡಿ, ಕಟ್ಟಡಗಳನ್ನು ತಂಪಾಗಿಡುತ್ತ ಕಾಯಬೇಕು.

ಸೂಟು, ಉಸಿರು, ಮೀಟರು

ಪೂರ್ತಿ ಮುಚ್ಚಿದ ಎ ದರ್ಜೆಯ ಸೂಟಿನೊಳಗೆ ಬಿಎ ಸೆಟ್ ಹೊತ್ತವರಿಗೆ ಕೆಲಸಕ್ಕೆ ಸಿಗುವ ಸಮಯ ಎಷ್ಟು? 6.8 ಲೀಟರಿನ ಸಿಲಿಂಡರಿನಲ್ಲಿ 300 ಬಾರ್ ಒತ್ತಡ ಇದ್ದರೆ 2,040 ಲೀಟರ್ ಗಾಳಿ. ಗಾಳಿ ಮುಗಿಯುತ್ತಿದೆ ಎಂದು ಶಿಳ್ಳೆ ಹೊಡೆಯುವ 55 ಬಾರ್, ಅಂದರೆ 374 ಲೀಟರನ್ನು ಮುಟ್ಟಬಾರದು. ಉಳಿದ 1,666 ಲೀಟರನ್ನು ದುಡಿಯುವ ಮನುಷ್ಯ ನಿಮಿಷಕ್ಕೆ 60 ಲೀಟರಿನಂತೆ ಉಸಿರಾಡಿದರೆ 27 ನಿಮಿಷ. ಹೋಗಲು 4, ಬರಲು 4, ತೊಳೆಯುವ ಸಾಲಿನಲ್ಲಿ 5 ಕಳೆಯಿರಿ. ಕವಾಟದ ಮುಂದೆ 14 ನಿಮಿಷ ಉಳಿಯಿತು. ಡಬ್ಬಿಯ ಮೇಲೆ ಬರೆದ ಮುಕ್ಕಾಲು ಗಂಟೆಯನ್ನು ನಂಬಿ ಹೋದವರು ತೊಳೆಯುವ ಸಾಲಿನಲ್ಲೇ ಗಾಳಿ ಮುಗಿದು ಮುಖವಾಡ ಕಿತ್ತುಕೊಳ್ಳುತ್ತಾರೆ. ಆದ್ದರಿಂದ ಸಮಯ ಹಿಡಿಯುವವನು ಹೊರಗಿರಬೇಕು. ಒಳಗೆ ಇಬ್ಬರು ಹೋದರೆ ಅದೇ ಸೂಟು ಹಾಕಿ ಇಬ್ಬರು ಹೊರಗೆ ಸಿದ್ಧ ಕೂತಿರಬೇಕು.

ಮುಂಬಯಿಯ ಮೇ ತಿಂಗಳಲ್ಲಿ ಆ ಸೂಟಿನೊಳಗೆ ಬೆವರು ಆರುವ ದಾರಿಯೇ ಇಲ್ಲ. ಹಾಕುವ ಮೊದಲು ನಾಡಿ, ರಕ್ತದೊತ್ತಡ, ಮೈಬಿಸಿ ನೋಡಿ, ನೀರು ಕುಡಿಸಿ, ನೆರಳಲ್ಲಿ ಕೂರಿಸಿ ಹಾಕಿಸಬೇಕು. ಬಂದ ಮೇಲೂ ಅದೇ. ಬೆಂಕಿ ಆರಿಸುವ ಕೋಟು ರಾಸಾಯನಿಕಕ್ಕೆ ರಕ್ಷಣೆಯಲ್ಲ, ಅದು ದ್ರವವನ್ನು ಹೀರಿ ಮೈಗೆ ಒತ್ತಿ ಹಿಡಿಯುತ್ತದೆ. ಬಟ್ಟೆಯ ಮಾಸ್ಕು ಅನಿಲವನ್ನು ತಡೆಯುವುದೇ ಇಲ್ಲ.

ನಾಲ್ಕು ಅನಿಲದ ಮೀಟರ್ ಆಮ್ಲಜನಕ, ಉರಿಯುವ ಅನಿಲ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ತೋರಿಸುತ್ತದೆ. ಕ್ಲೋರಿನ್ ಅಥವಾ ಅಮೋನಿಯಾದ ವಿಷಮಟ್ಟಕ್ಕೆ ಅದು ಕುರುಡು. ಮೀಟರ್ ಸುಮ್ಮನಿದೆ ಎಂದರೆ ಗಾಳಿ ಶುದ್ಧ ಎಂದರ್ಥವಲ್ಲ. ಆಮ್ಲಜನಕ ಶೇ. 19.5ಕ್ಕಿಂತ ಇಳಿದರೆ, ಉರಿಯುವ ಅನಿಲ ತಾನು ಹೊತ್ತಿಕೊಳ್ಳುವ ಕೆಳಮಿತಿಯ ಶೇ. 10 ಮುಟ್ಟಿದರೆ ಹಿಂದೆ ಬರಬೇಕು. ಆಮ್ಲ, ಕ್ಷಾರ ತೋರಿಸುವ ಪಿಎಚ್ ಕಾಗದದ ಒದ್ದೆ ಪಟ್ಟಿಯನ್ನು ಮೀಟರಿಗೂ ಮುಂದೆ ಹಿಡಿದು ನಡೆಯುವುದು ಅಗ್ಗದ, ಒಳ್ಳೆಯ ಅಭ್ಯಾಸ. ಮೂಗನ್ನು ಮೀಟರಾಗಿ ಬಳಸಬಾರದು. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಹೊತ್ತಿಗೆ ಮೂಗನ್ನೇ ಸಾಯಿಸುತ್ತದೆ. ಮ್ಯಾನ್‌ಹೋಲಿನಲ್ಲಿ ಬಿದ್ದವನನ್ನು ಎತ್ತಲು ಇಳಿದ ಎರಡನೆಯವ, ಮೂರನೆಯವ ಸಾಯುವುದು ಹೀಗೆಯೇ.

ತೊಳೆಯುವುದು, ಮತ್ತು ಆಮೇಲೆ

ಡಿಕಾನ್ ಸಾಲು, ಅಂದರೆ ಅಂಟಿದ ರಾಸಾಯನಿಕವನ್ನು ತೊಳೆಯುವ ಸಾಲು, ಸಿದ್ಧವಾಗುವ ಮೊದಲು ಯಾರನ್ನೂ ಒಳಗೆ ಬಿಡಬಾರದು. ಉಪಕರಣ ಇಡುವ ಶೀಟು, ಸೋಪುನೀರಿನ ತೊಟ್ಟಿ, ತೊಳೆನೀರಿನ ತೊಟ್ಟಿ, ಸೂಟು ಕಳಚುವ ಜಾಗ, ಎಲ್ಲಕ್ಕಿಂತ ಕೊನೆಗೆ ಮುಖವಾಡ ತೆಗೆಯುವ ಜಾಗ. ಮುಖವಾಡವನ್ನು ಮೊದಲೇ ತೆಗೆದರೆ ಸೂಟಿಗಂಟಿದ್ದೆಲ್ಲ ಉಸಿರಿಗೆ ಹೋಗುತ್ತದೆ. ಗಾಯಾಳುಗಳಿಗೆ ಇಷ್ಟು ವ್ಯವಸ್ಥೆಗೆ ಕಾಯುವುದು ಬೇಡ: ಬಟ್ಟೆ ಬಿಚ್ಚಿಸಿದರೆ ಅಂಟಿದ್ದರಲ್ಲಿ ಬಹುಪಾಲು ಹೋಗುತ್ತದೆ, ಬಳಿಕ ಕಡಿಮೆ ಒತ್ತಡದ ಧಾರಾಳ ನೀರು, ಕಣ್ಣಿಗೆ ಕನಿಷ್ಠ 15 ನಿಮಿಷ. ಟೀಶರ್ಟನ್ನು ತಲೆಯ ಮೇಲಿಂದ ಎಳೆಯಬಾರದು, ಕತ್ತರಿಸಬೇಕು. ಆಮ್ಲ ಬಿದ್ದ ಚರ್ಮಕ್ಕೆ ಸೋಡಾ, ಸುಣ್ಣ ಹಚ್ಚಬಾರದು, ಅದರ ಬಿಸಿ ಇನ್ನೊಂದು ಸುಟ್ಟಗಾಯ ಮಾಡುತ್ತದೆ. ನಡೆದಾಡುವ ನೂರು ಜನರಿದ್ದರೆ ಎರಡು ಅಗ್ನಿಶಾಮಕ ಗಾಡಿಯನ್ನು ಎದುರುಬದುರು ನಿಲ್ಲಿಸಿ ನಡುವೆ ಮಂಜುನೀರು ಹಿಡಿದು ನಡೆಸಬಹುದು. ಹೆಂಗಸರಿಗೆ ಮರೆ ಮತ್ತು ಒಣಬಟ್ಟೆ ಇಲ್ಲದಿದ್ದರೆ ಯಾರೂ ಬಟ್ಟೆ ಬಿಚ್ಚುವುದಿಲ್ಲ. ಚಾದರಗಳ ಗಂಟು ಗಾಡಿಯಲ್ಲಿರಬೇಕು ಎನ್ನುವುದು ಅದಕ್ಕೆ.

ತೊಳೆಯದವರನ್ನು ಆಂಬುಲೆನ್ಸಿಗೆ ಹತ್ತಿಸಿದರೆ ಆಂಬುಲೆನ್ಸೂ, ಆಮೇಲೆ ಆಸ್ಪತ್ರೆಯ ತುರ್ತು ವಾರ್ಡೂ ಕೆಲಸಕ್ಕೆ ಬಾರದಂತಾಗುತ್ತವೆ. ಪ್ರತಿ ರೋಗಿಯ ಜೊತೆ ಒಂದು ಚೀಟಿ ಹೋಗಬೇಕು: ವಸ್ತುವಿನ ಹೆಸರು, ನಾಲ್ಕಂಕಿ, ಎಷ್ಟು ಹೊತ್ತು ಒಡ್ಡಿಕೊಂಡದ್ದು, ತೊಳೆದದ್ದು ಎಷ್ಟು ಗಂಟೆಗೆ. ಈ ಚೀಟಿ ಸಿಬ್ಬಂದಿಗೂ ಬೇಕು. ನೈಟ್ರಿಕ್ ಆಮ್ಲದಿಂದೇಳುವ ಕಂದು ಹೊಗೆ ಕುಡಿದವರಿಗೆ ಸ್ಥಳದಲ್ಲಿ ಸ್ವಲ್ಪ ಕೆಮ್ಮು ಬಿಟ್ಟರೆ ಏನೂ ಅನ್ನಿಸದು. ಡ್ಯೂಟಿ ಮುಗಿಸಿ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾರೆ, ಗಂಟೆಗಟ್ಟಲೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಆದ್ದರಿಂದ ಅಂಥ ಹೊಗೆ ಕುಡಿದವರನ್ನು, ತಾನು ಚೆನ್ನಾಗಿದ್ದೇನೆ ಎಂದು ಎಷ್ಟೇ ಹೇಳಿದರೂ, ಮನೆಗೆ ಕಳಿಸದೆ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ಇರಿಸಬೇಕು, ಓಡಾಡಲು ಬಿಡಬಾರದು. ಮನೆಯವರಿಗೆ ಫೋನ್ ಮಾಡಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಏಕೆ ಇರಿಸಿಕೊಂಡಿದ್ದೇವೆ ಎಂದು ಹೇಳುವ ಹೊಣೆ ತಂಡದ ಮುಖ್ಯಸ್ಥರದು.